ಉಪ್ಪುನೀರಿನಲ್ಲಿ ಹೈಡ್ರೇಟ್ ಕಟ್ಟುವುದು ಯಾವಾಗ?

ಕೇಳುಗರೇ, ನಮಸ್ಕಾರ. ಒತ್ತಡ ಹೆಚ್ಚಿದ್ದು ತಣ್ಣಗಿರುವ ಕಡೆ ನೀರೂ ಮೀಥೇನ್ ಅನಿಲವೂ ಒಟ್ಟು ಸೇರಿದರೆ ಮಂಜುಗಡ್ಡೆಯಂಥ ಬಿಳಿ ಘನವಸ್ತು ಕಟ್ಟಿಕೊಳ್ಳುತ್ತದೆ. ಇದೇ ಮೀಥೇನ್ ಹೈಡ್ರೇಟ್. ನೀರಿನ ಅಣುಗಳು ಕಟ್ಟಿದ ಪಂಜರದೊಳಗೆ ಅನಿಲದ ಅಣು ಸೆರೆಯಾಗಿರುತ್ತದೆ. ಅನಿಲ ಸಾಗಿಸುವ ಕೊಳವೆಗಳು ಇದರಿಂದ ಕಟ್ಟಿಹೋಗುತ್ತವೆ ಎಂದು 1934ರಲ್ಲಿ ಅಮೆರಿಕದ ಹ್ಯಾಮರ್‌ಶ್ಮಿಟ್ ತೋರಿಸಿಕೊಟ್ಟರು.

ಶುದ್ಧ ನೀರಾದರೆ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 26 ಬಾರ್, 10 ಡಿಗ್ರಿಯಲ್ಲಿ ಸುಮಾರು 70 ಬಾರ್ ಒತ್ತಡ ಬೇಕು. ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲ ಗಾಳಿಯ ಒತ್ತಡದಷ್ಟು. ಉಪ್ಪು ಬೆರೆತರೆ ಈ ಲೆಕ್ಕ ನಡೆಯದು. ಉಪ್ಪಿನ ಸೋಡಿಯಂ, ಕ್ಲೋರೈಡ್ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳು, ನೀರಿನ ಅಣುಗಳನ್ನು ತಮ್ಮ ಸುತ್ತ ಎಳೆದುಕೊಳ್ಳುವುದರಿಂದ ಪಂಜರ ಕಟ್ಟಲು ನೀರು ಸುಲಭವಾಗಿ ಒದಗುವುದಿಲ್ಲ. ಅಷ್ಟೇ ಒತ್ತಡದಲ್ಲಿ ಹೈಡ್ರೇಟ್ ಕಟ್ಟಲು, ಶುದ್ಧ ನೀರಿಗಿಂತ ಸಮುದ್ರದ ನೀರು ಒಂದು ಡಿಗ್ರಿಗಿಂತ ತುಸು ಹೆಚ್ಚು, ಶೇಕಡ 10ರ ಉಪ್ಪುನೀರು 4ರಿಂದ 5 ಡಿಗ್ರಿ ಹೆಚ್ಚು ತಣ್ಣಗಾಗಬೇಕು.

ಯಾವ ಒತ್ತಡ, ಉಷ್ಣತೆಯಲ್ಲಿ ಹೈಡ್ರೇಟ್ ಕಟ್ಟುತ್ತದೆ ಎಂಬುದನ್ನು ಅಳೆಯುವಾಗ ಮೊದಲ ಎಚ್ಚರ ದ್ರಾವಣದ್ದು. ತೂಕದ ಶೇಕಡ 10 ಎಂದರೆ 100 ಗ್ರಾಂ ಒಣ ಉಪ್ಪಿಗೆ 900 ಗ್ರಾಂ ನೀರು. ಒಂದು ಕಿಲೋ ನೀರಿಗೆ 100 ಗ್ರಾಂ ಸುರಿದರೆ ಸಿಗುವುದು ಶೇಕಡ 9.1 ಮಾತ್ರ. ಒತ್ತಡ ತಾಳುವ ಪಾತ್ರೆಗೆ ಇದನ್ನು ತುಂಬಿ ಒಳಗಿನ ಗಾಳಿ ತೆಗೆಯಬೇಕು. ಪಂಪನ್ನು ಹೆಚ್ಚು ಹೊತ್ತು ಓಡಿಸಿದರೆ ನೀರೂ ಆವಿಯಾಗಿ ಹೋಗಿ ಉಪ್ಪಿನ ಪ್ರಮಾಣ ಏರುತ್ತದೆ. ಆಮೇಲೆ ಮೀಥೇನ್ ತುಂಬಿ, ಕವಾಟ ಮುಚ್ಚಿ, ಕಲಕುತ್ತಾ ತಣ್ಣಗಾಗಿಸಬೇಕು. ಒತ್ತಡ ನಿಧಾನವಾಗಿ ಇಳಿಯುತ್ತಾ ಬಂದು, ಹೈಡ್ರೇಟ್ ಹುಟ್ಟಿದೊಡನೆ ದಿಢೀರನೆ ಕುಸಿಯುತ್ತದೆ.

ಆ ಕುಸಿತದ ಉಷ್ಣತೆಯನ್ನೇ ಉತ್ತರವೆಂದು ಬರೆದುಕೊಳ್ಳಬಾರದು. ಹರಳು ಹುಟ್ಟುವುದು ತಡವಾಗುತ್ತದೆ. ಹೈಡ್ರೇಟ್ ಕಟ್ಟುವುದೂ ಕರಗುವುದೂ ಸರಿದೂಗುವ ಸಮತೋಲದ ಉಷ್ಣತೆಗಿಂತ ಹಲವು ಡಿಗ್ರಿ ಕೆಳಗಿಳಿದರೂ ದ್ರಾವಣ ಹಾಗೆಯೇ ಉಳಿಯಬಲ್ಲದು. ಇನ್ನೊಂದು ತೊಡಕು ಉಪ್ಪಿನದೇ. ಪಂಜರದಲ್ಲಿ ಅದಕ್ಕೆ ಜಾಗವಿಲ್ಲ, ಉಳಿದ ನೀರಿನಲ್ಲೇ ಸೇರಿಕೊಳ್ಳಬೇಕು. ಶೇಕಡ 3.5ರ ದ್ರಾವಣದಲ್ಲಿ ಅರ್ಧ ನೀರು ಹೈಡ್ರೇಟ್ ಆಯಿತೆನ್ನಿ, ಮಿಕ್ಕಿದ್ದರಲ್ಲಿ ಉಪ್ಪು ಸುಮಾರು ಶೇಕಡ 6.8ಕ್ಕೆ ಏರಿರುತ್ತದೆ. ಆಗ ಅಳೆದರೆ ಅಳೆದದ್ದು ಬೇರೆಯದೇ ದ್ರಾವಣವನ್ನು.

ಹಾಗಾಗಿ ಹೈಡ್ರೇಟ್ ಪೂರ್ತಿ ಕರಗುವ ಬಿಂದುವನ್ನೇ ಹಿಡಿಯಬೇಕು. ಅದು ಹತ್ತಿರವಾದಂತೆ ಒಮ್ಮೆಗೆ 0.1 ಡಿಗ್ರಿಯಷ್ಟೇ ಏರಿಸಿ, ಒತ್ತಡ ನೆಲೆನಿಲ್ಲುವ ತನಕ ಕೆಲವು ಗಂಟೆ ಕಾಯಬೇಕು. ಕೊನೆಯ ಹರಳು ಕರಗಿದಾಗ ಒತ್ತಡದ ಏರಿಕೆ ಸಟ್ಟನೆ ಮಂದವಾಗುತ್ತದೆ. ಉಷ್ಣತೆಗೆ ತಕ್ಕಂತೆ ಒತ್ತಡವನ್ನು ನಕ್ಷೆಯಲ್ಲಿ ಗುರುತಿಸುತ್ತಾ ಹೋದರೆ, ಬಿಸಿ ಮಾಡುವಾಗಿನ ಗೆರೆ ತಣ್ಣಗಾಗಿಸುವಾಗಿನ ಗೆರೆಯನ್ನು ಕೂಡುವುದು ಅಲ್ಲೇ. ಅಷ್ಟರಲ್ಲಿ ನೀರೆಲ್ಲ ಮರಳಿ, ಉಪ್ಪು ನಾವು ತೂಗಿ ಹಾಕಿದ ಪ್ರಮಾಣಕ್ಕೆ ಬಂದಿರುತ್ತದೆ. ಅವಸರಪಟ್ಟರೆ ಹರಳು ಕರಗುವ ಮೊದಲೇ ಉಷ್ಣತೆ ಮುಂದೆ ಹೋಗಿ, ನಿಜಕ್ಕಿಂತ ಹೆಚ್ಚಿನ ಅಂಕಿ ಸಿಗುತ್ತದೆ.

ಸಿಲಿಂಡರಿನಲ್ಲಿರುವ ಮೀಥೇನ್ ಎಷ್ಟು ಶುದ್ಧ ಎಂಬುದನ್ನೂ ನೋಡಿಕೊಳ್ಳಿ. ಶೇಕಡ 1ರಷ್ಟು ಪ್ರೊಪೇನ್ ಬೆರೆತಿದ್ದರೂ ಪಂಜರದ ರಚನೆಯೇ ಬದಲಾಗಿ, ಬಹಳ ಕಡಿಮೆ ಒತ್ತಡದಲ್ಲೇ ಹೈಡ್ರೇಟ್ ಕಟ್ಟುತ್ತದೆ.