ಮರಿಗಳೇ ಬಾರದ ನಾಮಕರಣ

ಈಗ ಕಾಣುತ್ತಿರುವ ಈ ದೊಡ್ಡ ಗೊರಿಲ್ಲಾ ಬಿದಿರಿನದು. ಅದರ ಮುಂದೆ ಗೊರಿಲ್ಲಾ ವೇಷ ಹಾಕಿಕೊಂಡು ನಿಂತವರು ಇಲ್ಲಿನ ಮಕ್ಕಳು. ನಿಜವಾದ ಮರಿಗಳು ಬಂದೇ ಇಲ್ಲ. ಅಲ್ಲಿ ಹಿಂದೆ ಜ್ವಾಲಾಮುಖಿ ಬೆಟ್ಟಗಳಿವೆ ನೋಡಿ, ಆ ಕಾಡಿನಲ್ಲಿ ಅಮ್ಮನ ಜೊತೆ ಆರಾಮಾಗಿವೆ. ನಾಮಕರಣ ಅವುಗಳದ್ದು, ಹಾಡು ಕುಣಿತ ಎಲ್ಲಾ ನಮ್ಮದು!

ಇದು ರುವಾಂಡಾದ ಉತ್ತರ ಭಾಗದ ಕಿನಿಗಿ. ವೋಲ್ಕೇನೋಸ್ ನ್ಯಾಷನಲ್ ಪಾರ್ಕ್ ಅಂಚಿನಲ್ಲೇ ಇದೆ. ಹಬ್ಬದ ಹೆಸರು ಕ್ವಿಟಾ ಇಝಿನಾ. ಇಲ್ಲಿ ಮಗು ಹುಟ್ಟಿದರೆ ನೆಂಟರು, ನೆರೆಹೊರೆಯವರು ಸೇರಿ ಹೆಸರಿಡುವ ಪದ್ಧತಿ ಹಿಂದಿನಿಂದಲೂ ಇದೆ. ನಮ್ಮ ತೊಟ್ಟಿಲು ಶಾಸ್ತ್ರದ ಹಾಗೇ, ಅಲ್ವಾ? 2005ರಿಂದ ಗೊರಿಲ್ಲಾ ಮರಿಗಳಿಗೂ ಅದನ್ನೇ ದೊಡ್ಡದಾಗಿ ಮಾಡುತ್ತಿದ್ದಾರೆ. 2023ರಲ್ಲಿ 23 ಮರಿಗಳಿಗೆ ಹೆಸರಿಟ್ಟರು. ನಟ ಇದ್ರಿಸ್ ಎಲ್ಬಾ ದಂಪತಿ ಒಂದಕ್ಕೆ ‘ನರಾಮೆ’ ಅಂತ ಕರೆದರು.

ಸ್ಟಾರ್‌ಗಳು ಬಂದರೆ ಚಪ್ಪಾಳೆ ಜಾಸ್ತಿ, ಅದು ಇದ್ದದ್ದೇ. ಆದರೆ ಈ ಹೆಸರುಗಳನ್ನು ದಿನಾ ಬಳಸುವವರು ಬೇರೆ. ಟ್ರ್ಯಾಕರ್‌ಗಳು ಬೆಳಿಗ್ಗೆಯೇ ಕಾಡಿಗೆ ಹೋಗಿ, ಗೊರಿಲ್ಲಾಗಳು ರಾತ್ರಿ ಮಲಗಿದ ಸೊಪ್ಪಿನ ಹಾಸಿಗೆ ಹುಡುಕಿ, ಅಲ್ಲಿಂದ ಜಾಡು ಹಿಡಿಯುತ್ತಾರೆ. ಪ್ರತಿ ಗೊರಿಲ್ಲಾದ ಮೂಗಿನ ಮೇಲಿನ ಗೆರೆಗಳೂ ಬೇರೆ ಬೇರೆ. ಅದನ್ನು ನೋಡಿಯೇ ಯಾರು ಯಾರು ಅಂತ ಹೇಳುತ್ತಾರೆ. ಯಾರು ಕಾಣಿಸಲಿಲ್ಲ, ಯಾರಿಗೆ ಕೆಮ್ಮಿದೆ, ಯಾವ ಮರಿಯ ಕೈ ಉರುಳಿಗೆ ಸಿಕ್ಕಿದೆ, ಎಲ್ಲಾ ಹೆಸರಿನ ಮುಂದೆ ಬರೆಯುತ್ತಾರೆ. ಅಂದಹಾಗೆ, ಆ ಉರುಳುಗಳನ್ನು ಗೊರಿಲ್ಲಾಗೆ ಅಂತ ಹಾಕಿರುವುದಿಲ್ಲ. ಚಿಕ್ಕ ಜಿಂಕೆಯಂಥ ಪ್ರಾಣಿಗಳಿಗೆ ಹಾಕಿದ್ದರಲ್ಲಿ ಆಟವಾಡುವ ಮರಿಗಳು ಸಿಕ್ಕಿಬೀಳುತ್ತವೆ.

ಈ ದುಡಿಮೆ ಸುಮ್ನೆ ಹೋಗಿಲ್ಲ. ಈ ಪಾರ್ಕ್ ಇರುವ ವಿರುಂಗಾ ಬೆಟ್ಟಸಾಲಿನಲ್ಲಿ 1981ರಲ್ಲಿ ಇದ್ದದ್ದು ಸುಮಾರು 250 ಗೊರಿಲ್ಲಾ. 2016ರ ಹೊತ್ತಿಗೆ 604.

ಈಗ ದುಡ್ಡಿನ ವಿಷಯ. ಕಾಡಿಗೆ ಹೋಗಿ ಗೊರಿಲ್ಲಾ ನೋಡಲು ವಿದೇಶಿ ಪ್ರವಾಸಿಗೆ ಪರ್ಮಿಟ್ 1,500 ಡಾಲರ್. ನಮ್ಮ ಲೆಕ್ಕದಲ್ಲಿ ಲಕ್ಷ ರೂಪಾಯಿಗೂ ಮೇಲೆ. ಅಷ್ಟು ಕೊಟ್ಟರೆ ಸಿಗುವುದು ಒಂದೇ ಗಂಟೆ. ಒಂದು ಗೊರಿಲ್ಲಾ ಗುಂಪಿನ ಹತ್ತಿರ ದಿನಕ್ಕೆ ಎಂಟು ಜನಕ್ಕೆ ಮಾತ್ರ ಅವಕಾಶ. ಶೀತ ಇದ್ದರೆ ಒಳಗೆ ಬಿಡುವುದಿಲ್ಲ, ಯಾಕೆಂದರೆ ನಮ್ಮ ನೆಗಡಿ ಅವುಗಳ ಜೀವಕ್ಕೇ ಕುತ್ತು. ಬೆಲೆ ಕೇಳಿ ನನಗೂ ಎದೆ ಧಸಕ್ಕೆಂದಿತು. ಆದರೆ ಅಗ್ಗ ಮಾಡಿ ನೂರಾರು ಜನ ನುಗ್ಗಿದರೆ ಏನಾಗುತ್ತದೆ ಅಂತ ನಾವು ಬೇರೆ ಕಡೆ ನೋಡಿಲ್ವಾ? ಈ ಬೆಲೆ ಸರಿ ಅಂತಲೇ ನನ್ನ ಅಭಿಪ್ರಾಯ.

ಪಾರ್ಕಿನ ಪ್ರವಾಸೋದ್ಯಮ ಆದಾಯದಲ್ಲಿ ಶೇ. 10ರಷ್ಟು ಸುತ್ತಲಿನ ಜನರಿಗೆ ಹೋಗುತ್ತದೆ. ಶಾಲೆ, ಆಸ್ಪತ್ರೆ, ನೀರಿನ ಟ್ಯಾಂಕ್ ಅಂತೆಲ್ಲ. ಮೊದಲು ಅದು ಶೇ. 5 ಇತ್ತು.

ನೋಡಿ, ಕ್ಯಾಮೆರಾ ಈ ಕಡೆ ತಿರುಗಿಸುತ್ತೇನೆ. ಕಲ್ಲಿನ ಗೋಡೆವರೆಗೂ ಆಲೂಗಡ್ಡೆ ಹೊಲ. ಗೋಡೆ ಕಟ್ಟಿದ್ದು ಕಾಡೆಮ್ಮೆಗಳು ಬೆಳೆಗೆ ನುಗ್ಗದಿರಲಿ ಅಂತ. ಈ ಹೊಲಗಳಲ್ಲಿ ಎಷ್ಟೋ ಭಾಗ ಹಿಂದೆ ಕಾಡೇ ಆಗಿತ್ತು. 1960ರ ದಶಕದ ಕೊನೆಯಲ್ಲಿ ಕೀಟನಾಶಕ ಮಾಡುವ ಪೈರೆಥ್ರಮ್ ಹೂ ಬೆಳೆಯಲು ಕಡಿದರು. ಈಗ ಗೊರಿಲ್ಲಾ ಜಾಸ್ತಿಯಾಗಿ ಜಾಗ ಸಾಲುತ್ತಿಲ್ಲ. ಗುಂಪುಗಳು ಪದೇ ಪದೇ ಎದುರಾಗಿ ಜಗಳವಾಗುತ್ತದೆ, ಅದರಲ್ಲಿ ಮರಿಗಳೂ ಸಾಯುತ್ತವೆ. ಹಾಗಾಗಿ ಪಾರ್ಕ್ ದೊಡ್ಡದು ಮಾಡುವ ಯೋಜನೆ ಇದೆ. ಅಂದರೆ ಇಲ್ಲಿನ ಕೆಲವರು ಹೊಲ, ಮನೆ ಬಿಟ್ಟು ಬೇರೆ ಕಡೆ ಹೋಗಬೇಕು. ಅವರಿಗೆ ಆ ಶೇ. 10 ಸಾಕಾ? ನೀವೇನಂತೀರಿ, ಕಾಮೆಂಟ್‌ನಲ್ಲಿ ಬರೆಯಿರಿ.