ಹಾರ ಹಾಕಿದ ಫೋಟೋ ಇರುವ ಮನೆ

ಕೇಳುಗರೇ, ನಮಸ್ಕಾರ.

ಹಳೇ ಮನೆ ಕೊಳ್ಳಲು ಹೊರಟವರು ಮೊದಲು ಏನು ನೋಡುತ್ತಾರೆ? ಗೋಡೆ ಗಟ್ಟಿ ಇದೆಯಾ, ಬಾಗಿಲು ಯಾವ ದಿಕ್ಕಿಗಿದೆ, ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ. ನಾನು ಪಡಸಾಲೆಯ ಗೋಡೆ ನೋಡುತ್ತೇನೆ. ಅಲ್ಲಿ ಹಾರ ಹಾಕಿದ ಫೋಟೋ ಇದ್ದರೆ ಯಾರದು ಅಂತ ಕೇಳುತ್ತೇನೆ. "ನಮ್ಮಪ್ಪಾರದರಿ" ಅನ್ನುತ್ತಾನೆ ಮಗ. ಯಾವಾಗ ತೀರಿಕೊಂಡರು? ಮೃತ್ಯುಪತ್ರ, ಅಂದರೆ ವಿಲ್, ಏನಾದರೂ ಬರೆದಿಟ್ಟಿದ್ದಾರಾ? "ಅದೇನೂ ಇಲ್ಲರಿ." ನನ್ನ ಕೆಲಸ ಅಲ್ಲಿಂದ ಶುರುವಾಗುತ್ತದೆ.

ನಾನು ಧಾರವಾಡದಲ್ಲಿ ಸಿವಿಲ್ ವಕೀಲಿ ಮಾಡುವವಳು. ನನ್ನ ಕಪಾಟಿನಲ್ಲಿರುವ ಕಡತಗಳಲ್ಲಿ ವಾಟ್ನಿ ದಾವೆಗಳೇ, ಅಂದರೆ ಆಸ್ತಿಯ ಪಾಲು ಕೇಳುವ ದಾವೆಗಳೇ, ಜಾಸ್ತಿ. ಅದರಲ್ಲಿ ಅಣ್ಣತಮ್ಮಂದಿರ ಜೊತೆ, ಅವರ ಜಗಳಕ್ಕೆ ಏನೂ ಸಂಬಂಧವಿಲ್ಲದ ಒಬ್ಬರು ಪ್ರತಿವಾದಿಯಾಗಿ ನಿಂತಿರುತ್ತಾರೆ. ಅವರೇ ಆ ಮನೆ ಕೊಂಡವರು. ಅವರನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಅದಕ್ಕೇ ಇವತ್ತು ಈ ಮಾತು.

ಕೆಲವು ವರ್ಷಗಳ ಹಿಂದೆ ಒಬ್ಬ ಹಿರಿಯರು ನನ್ನ ಕಚೇರಿಗೆ ಬಂದಿದ್ದರು. ನೌಕರಿಯಿಂದ ನಿವೃತ್ತಿಯಾದಾಗ ಬಂದ ದುಡ್ಡೆಲ್ಲ ಹಾಕಿ ಹಳೇ ಹುಬ್ಬಳ್ಳಿಯಲ್ಲಿ ಮನೆ ಕೊಂಡಿದ್ದರು. ಕೈಯಲ್ಲಿ ಸಮನ್ಸ್ ಇತ್ತು. "ಮೇಡಮ್ರಿ, ನಾ ಉತಾರ ನೋಡೇನಿ, ಇಸಿ ತಗಸೇನಿ, ವಂಶಾವಳಿನೂ ತಗೊಂಡೇನಿ. ಇನ್ನ ಏನ್ ನೋಡಬೇಕಿತ್ತು?" ಅಂತ ಕೇಳಿದರು. ಉತಾರ ಅಂದರೆ ಆಸ್ತಿ ಯಾರ ಹೆಸರಿನಲ್ಲಿದೆ ಅಂತ ತೋರಿಸುವ ಸರ್ಕಾರಿ ದಾಖಲೆ, ಇಸಿ ಅಂದರೆ ಆ ಆಸ್ತಿಯ ಋಣಭಾರ ಪ್ರಮಾಣಪತ್ರ, ವಂಶಾವಳಿ ಅಂದರೆ ಮನೆತನದವರ ಪಟ್ಟಿ. ಅವರು ಹೇಳಿದ್ದು ನಿಜ. ಸಿಟಿ ಸರ್ವೆ ಉತಾರದಲ್ಲಿ ಇಬ್ಬರು ಅಣ್ಣತಮ್ಮಂದಿರ ಹೆಸರಿತ್ತು. ವಂಶಾವಳಿಯಲ್ಲೂ ಇಬ್ಬರೇ. ಇಬ್ಬರೂ ಖರೀದಿ ಪತ್ರಕ್ಕೆ ಸಹಿ ಮಾಡಿದ್ದರು. ಆದರೆ ಅವರಿಗೊಬ್ಬಳು ಅಕ್ಕ ಇದ್ದಳು. ರೋಣದ ಕಡೆ ಒಂದು ಹಳ್ಳಿಗೆ ಕೊಟ್ಟಿದ್ದರು. ಅವಳು ತೀರಿಹೋಗಿದ್ದಳು. ಅವಳ ಮಕ್ಕಳು ದೊಡ್ಡವರಾಗಿ, ನಮ್ಮ ತಾಯಿಯ ಪಾಲು ಎಲ್ಲಿ ಅಂತ ಕೋರ್ಟಿಗೆ ಬಂದಿದ್ದರು. ಆ ಮಕ್ಕಳದು ತಪ್ಪಾ? ಖಂಡಿತ ಇಲ್ಲ. ಕೊನೆಗೆ ರಾಜಿಯಾಯಿತು. ನಮ್ಮ ಹಿರಿಯರು ಅದೇ ಮನೆಗೆ ಎರಡನೇ ಸಲ ದುಡ್ಡು ಕೊಟ್ಟರು.

ಮನೆಯ ಯಜಮಾನ ಮೃತ್ಯುಪತ್ರ ಬರೆಯದೆ ತೀರಿಕೊಂಡರೆ, ಪಾಲು ಯಾರಿಗೆ ಅಂತ ಹೇಳುವುದು ಕಾನೂನು. ನಮ್ಮ ಕಡೆ ಹೆಚ್ಚಿನವರಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ವೀರಶೈವರು, ಲಿಂಗಾಯತರು, ಜೈನರು ಇದರೊಳಗೇ ಬರುತ್ತಾರೆ ಅಂತ ಆ ಕಾಯ್ದೆಯಲ್ಲೇ ಬರೆದಿದೆ. ಮುಸ್ಲಿಮರಿಗೆ ಅವರ ಧರ್ಮದ ಕಾನೂನು, ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಪಾಲಿನ ಅಳತೆ ಬೇರೆ ಬೇರೆ ಇರಬಹುದು. ಆದರೆ ಪಾಲು ಚಿಕ್ಕದು ಅಂತ ಒಬ್ಬರ ಸಹಿ ಬಿಡಲು ಯಾವ ಕಾನೂನಿನಲ್ಲೂ ಬರುವುದಿಲ್ಲ.

ಒಂದು ಮನೆಯ ಲೆಕ್ಕ ಹಾಕೋಣ. ಪೆನ್ನು ಕಾಗದ ಇದ್ದರೆ ತಗೊಳ್ಳಿ. ಅಪ್ಪ ತನ್ನ ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆ. ಅವನು ತೀರಿಕೊಂಡ ದಿನ ಅವನ ತಾಯಿ ಇದ್ದಳು, ಹೆಂಡತಿ ಇದ್ದಳು, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಒಟ್ಟು 6 ಜನ. ಸಮನಾಗಿ 6 ಪಾಲು. ಇಷ್ಟೇ ಅಲ್ವಾ ಅನ್ನಿಸುತ್ತದೆ. ಇಲ್ಲಿಂದಲೇ ತೊಡಕು.

ಎರಡು ವರ್ಷದ ಮೇಲೆ ಅಜ್ಜಿ, ಅಂದರೆ ಸತ್ತವನ ತಾಯಿ, ತೀರಿಕೊಂಡಳು. ಅವಳ ಪಾಲು ಎಲ್ಲಿ ಹೋಯಿತು? ಅದೇ ಮನೆಯಲ್ಲೇ ಉಳಿಯಿತು ಅಂತ ಎಲ್ಲರೂ ತಿಳಿದಿರುತ್ತಾರೆ. ಹಾಗಲ್ಲ. ಮಗನಿಂದ ಅವಳಿಗೆ ಬಂದ ಆರನೇ ಒಂದು ಪಾಲು ಅವಳ ಸ್ವಂತದ್ದು. ಅದು ಅವಳ ಎಲ್ಲ ಮಕ್ಕಳಿಗೂ ಹೋಗುತ್ತದೆ. ಅಂದರೆ ಈ ಮನೆಯ ಮಕ್ಕಳ ಕಾಕಾ, ದೊಡ್ಡಪ್ಪ, ಅತ್ತಿ, ಇವರೆಲ್ಲ ಈ ಮನೆಯಲ್ಲಿ ಸಣ್ಣ ಸಣ್ಣ ಪಾಲುದಾರರಾದರು. ಆ ಕಾಕಾಗೆ ಅದು ಗೊತ್ತೇ ಇರುವುದಿಲ್ಲ. ಮಾರುವವರಿಗೂ ಗೊತ್ತಿರುವುದಿಲ್ಲ. ನಿಮಗೆ ಗೊತ್ತಿರಬೇಕು. ಅದಕ್ಕೇ ನಾನು ಅಪ್ಪನ ಮರಣ ಪ್ರಮಾಣಪತ್ರದ ಜೊತೆ ಅಜ್ಜಿಯ ಮರಣದ ದಾಖಲೆಯನ್ನೂ ಕೇಳುತ್ತೇನೆ. ಅಜ್ಜಿ ಮಗನಿಗಿಂತ ಮೊದಲೇ ಹೋಗಿದ್ದರೆ ಈ ತೊಡಕಿಲ್ಲ. ಒಂದು ದಿನ ಆಮೇಲೆ ಹೋಗಿದ್ದರೂ ಇದೆ.

ಮಗಳ ವಿಷಯವೂ ಹೀಗೇ. ಅಪ್ಪನಿಗಿಂತ ಮೊದಲು ಮಗಳು ತೀರಿಕೊಂಡಿದ್ದರೆ, ಅವಳ ಪಾಲು ಅವಳ ಮಕ್ಕಳಿಗೆ. ಅಳಿಯನಿಗೆ ಏನೂ ಇಲ್ಲ. ಅಪ್ಪ ಹೋದ ಮೇಲೆ ಮಗಳು ತೀರಿಕೊಂಡಿದ್ದರೆ, ಅವಳಿಗೆ ಪಾಲು ಬಂದಾಗಿತ್ತು. ಆಗ ಅವಳ ಮಕ್ಕಳ ಜೊತೆ ಅಳಿಯನ ಸಹಿಯೂ ಬೇಕು. ಯಾರು ಮೊದಲು, ಯಾರು ಆಮೇಲೆ ಅನ್ನುವುದರ ಮೇಲೆ ಸಹಿ ಮಾಡುವವರ ಪಟ್ಟಿಯೇ ಬದಲಾಗುತ್ತದೆ. ಹಾಗಾಗಿ ಮನೆತನದ ಸಾವುಗಳನ್ನು ತಾರೀಖಿನ ಪ್ರಕಾರ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಓದುವುದಕ್ಕೆ ನೋವಾಗುವ ಹಾಳೆ ಅದು. ಆದರೆ ಬೇಕು.

"ಹೆಣ್ಮಕ್ಕಳಿಗೆ 2005ರ ನಂತರ ಪಾಲು ಬಂತು, ನಮ್ಮಪ್ಪ ತೀರಿಕೊಂಡಿದ್ದು ಅದಕ್ಕಿಂತ ಮುಂಚೆ" ಅನ್ನುವ ಮಾತನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಅದು ಪಿತ್ರಾರ್ಜಿತ ಆಸ್ತಿಯ ಮಾತು. 2005ರ ಸೆಪ್ಟೆಂಬರ್ 9ರಿಂದ ಮಗಳು ಹುಟ್ಟಿನಿಂದಲೇ ಮಗನಷ್ಟೇ ಹಕ್ಕುದಾರಳು. ಆ ದಿನ ಅಪ್ಪ ಬದುಕಿರಲೇಬೇಕು ಅಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಆದರೆ ಅಪ್ಪ ಸ್ವಂತ ದುಡಿದು ಮಾಡಿದ ಆಸ್ತಿಯಲ್ಲಿ ಮಗಳಿಗೆ ಸಮಪಾಲು 1956ರಿಂದಲೇ ಇದೆ. ಇದನ್ನು ನಮ್ಮ ಊರುಗಳಲ್ಲಿ ಯಾರೂ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಹೇಳಲೇ ಇಲ್ಲ.

ಇನ್ನು ಉತಾರ. ಹೊಲದ್ದಿರಲಿ, ಸಿಟಿ ಸರ್ವೆಯದ್ದಿರಲಿ, ಅದರಲ್ಲಿ ಹೆಸರು ಬಂದ ಮಾತ್ರಕ್ಕೆ ಅವರೊಬ್ಬರೇ ಮಾಲೀಕರಾಗುವುದಿಲ್ಲ. ಅಪ್ಪ ಸತ್ತ ಮೇಲೆ ಹಿರಿಮಗ ಓಡಾಡಿ ವಾರಸಾ ಮಾಡಿಸಿ ತನ್ನ ಹೆಸರು ಹಾಕಿಸಿಕೊಂಡಿರುತ್ತಾನೆ. ಎಷ್ಟೋ ಸಲ ಮೋಸ ಮಾಡಬೇಕಂತಲ್ಲ, ತೆರಿಗೆ ಕಟ್ಟಲು ಯಾರದಾದರೂ ಒಬ್ಬರ ಹೆಸರು ಬೇಕಲ್ಲ ಅಂತ. ಆದರೆ ಅಷ್ಟರಿಂದ ಉಳಿದವರ ಹಕ್ಕು ಹೋಗುವುದಿಲ್ಲ. ವಂಶಾವಳಿಯೂ ಅಷ್ಟೇ. ಅರ್ಜಿ ಕೊಟ್ಟವರು ಪ್ರಮಾಣ ಮಾಡಿ ಹೇಳಿದ್ದರ ಮೇಲೆ, ಪಂಚರ ಹೇಳಿಕೆಯ ಮೇಲೆ ನಿಂತ ಕಾಗದ ಅದು. ಒಂದು ಹೆಸರು ಹೇಳದೆ ಬಿಟ್ಟರೆ ಕಾಗದದಲ್ಲಿ ಆ ಹೆಸರೇ ಇರುವುದಿಲ್ಲ. ಇಸಿ ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ತೋರಿಸುತ್ತದೆ. ಆ ಮನೆಯಲ್ಲಿ ಎಷ್ಟು ಮಕ್ಕಳು ಹುಟ್ಟಿದರು ಅಂತ ಅದಕ್ಕೆ ಗೊತ್ತಿಲ್ಲ. ಕೆಲವರು "ಸಕ್ಸೆಷನ್ ಸರ್ಟಿಫಿಕೇಟ್ ತಂದುಕೊಡುತ್ತೇವೆ" ಅನ್ನುತ್ತಾರೆ. ಅದು ಬ್ಯಾಂಕಿನ ಠೇವಣಿ, ಷೇರು, ಬರಬೇಕಾದ ಸಾಲ, ಇಂಥವಕ್ಕೆ. ಮನೆ, ಹೊಲಕ್ಕಲ್ಲ.

ಹಾಗಾದರೆ ಯಾರನ್ನು ಕೇಳಬೇಕು? ಓಣಿಯವರನ್ನು. ಮನೆ ಎದುರಿನ ಕಟ್ಟೆಯ ಮೇಲೆ ಕೂತ ಹಿರಿಯರ ಹತ್ತಿರ ಹೋಗಿ ಸುಮ್ನೆ ಒಂದು ಮಾತು ಕೇಳಿ: "ಪಂಚಮಿಗೆ ಈ ಮನೆಗೆ ಯಾರ‍್ಯಾರು ಬರುತ್ತಿದ್ದರು?" ನಮ್ಮ ಕಡೆ ನಾಗರ ಪಂಚಮಿ ಅಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಯಾವ ಊರಿಂದ ಯಾವ ಮಗಳು ಬರುತ್ತಿದ್ದಳು, ಯಾರು ಬರುವುದನ್ನು ಬಿಟ್ಟರು, ಯಾಕೆ ಬಿಟ್ಟರು, ಎಲ್ಲವೂ ಓಣಿಗೆ ಗೊತ್ತು. ನಾನು ಅರ್ಧ ಗಂಟೆ ಕಟ್ಟೆಯ ಮೇಲೆ ಕೂತು ತಿಳಿದದ್ದು ಎಷ್ಟೋ ಸಲ ಕಾಗದದಲ್ಲಿ ಸಿಕ್ಕಿಲ್ಲ. ಹಳೇ ರೇಷನ್ ಕಾರ್ಡು ಸಿಕ್ಕರೆ ಅದನ್ನೂ ನೋಡಿ.

ಅಲ್ಲೇ ಇನ್ನೊಂದು ಮಾತೂ ಹೊರಗೆ ಬರಬಹುದು. ಸತ್ತವನಿಗೆ ಇನ್ನೊಂದು ಸಂಸಾರ ಇತ್ತು ಅಂತ. ಇದನ್ನು ಕೇಳಲು ಮುಜುಗರ, ನನಗೂ ಮುಜುಗರವೇ. ಮೊದಲ ಹೆಂಡತಿ ಇರುವಾಗ ಆದ ಎರಡನೇ ಮದುವೆ ಕಾನೂನಿನಲ್ಲಿ ನಿಲ್ಲುವುದಿಲ್ಲ. ಆದರೆ ಆ ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೆ ಅಪ್ಪನ ಪಾಲಿನಲ್ಲಿ ಹಕ್ಕಿದೆ. ನಮ್ಮ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಇದನ್ನು ಸ್ಪಷ್ಟ ಮಾಡಿತು. ಮಕ್ಕಳು ಏನು ತಪ್ಪು ಮಾಡಿದ್ದಾರೆ ಹೇಳಿ?

ವಾರಸುದಾರರಲ್ಲಿ 18 ತುಂಬದ ಮಗು ಇದ್ದರೆ ಅಲ್ಲೇ ನಿಲ್ಲಿ. ತಾಯಿ ಸಹಿ ಮಾಡಿದರೆ ಸಾಕು ಅಂತ ಯಾರು ಹೇಳಿದರೂ ನಂಬಬೇಡಿ. ಮಗುವಿನ ಪಾಲು ಮಾರಲು ಜಿಲ್ಲಾ ನ್ಯಾಯಾಲಯದ ಅನುಮತಿ ಮೊದಲೇ ತೆಗೆದುಕೊಂಡಿರಬೇಕು. ಇಲ್ಲದಿದ್ದರೆ ಆ ಮಗು ದೊಡ್ಡದಾಗಿ, 18 ತುಂಬಿದ ಮೇಲೆ 3 ವರ್ಷದೊಳಗೆ ಆ ಮಾರಾಟವನ್ನು ರದ್ದು ಮಾಡಿ ಅಂತ ಕೇಳಬಹುದು. ಇವತ್ತು ತೊಟ್ಟಿಲಲ್ಲಿರುವ ಕೂಸು ಅಂದರೆ 21 ವರ್ಷ ನಿಮ್ಮ ತಲೆಯ ಮೇಲೆ ಭಾರ.

"ಹೆಣ್ಮಕ್ಕಳು ಏನೂ ಕೇಳೂದಿಲ್ಲರಿ, ಮದುವ್ಯಾಗ ಬಂಗಾರ ಕೊಟ್ಟೀವಿ" ಅನ್ನುವ ಮಾತಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಬಿಟ್ಟುಕೊಡುವುದಿದ್ದರೆ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ಬೇಕು. ನನ್ನನ್ನು ಕೇಳಿದರೆ ಅದಕ್ಕಿಂತ ಒಳ್ಳೆಯ ದಾರಿ ಇದೆ. ಅವರೂ ಮಾರುವವರಾಗಿಯೇ ಖರೀದಿ ಪತ್ರಕ್ಕೆ ಬರಲಿ, ಅವರ ಪಾಲಿನ ದುಡ್ಡು ಅವರವರ ಖಾತೆಗೇ ನೇರ ಹೋಗಲಿ. ಅಣ್ಣನ ಕೈಗೆ ಕೊಟ್ಟು "ತಂಗಿಗೆ ಮುಟ್ಟಿಸಿ" ಅನ್ನಬೇಡಿ. ಸಂಚಕಾರ, ಅಂದರೆ ಮುಂಗಡ, ಕೊಡುವ ದಿನವೇ ಎಲ್ಲರ ಸಹಿ ತಗೊಳ್ಳಿ. ಎಲ್ಲರೂ ಬರುವ ತನಕ ದೊಡ್ಡ ಮೊತ್ತ ಕೊಡಬೇಡಿ. ದೂರದಲ್ಲಿರುವವರು ವಟಮುಖತ್ಯಾರ ಪತ್ರ, ಅಂದರೆ ಪವರ್ ಆಫ್ ಅಟಾರ್ನಿ, ಕಳಿಸಿದ್ದರೆ, ನೋಂದಣಿಯ ದಿನ ಅವರಿಗೇ ಫೋನ್ ಮಾಡಿ ಮಾತಾಡಿ. ಕೊಟ್ಟವರು ತೀರಿಕೊಂಡಿದ್ದರೆ ಆ ಪತ್ರವೂ ಅವರ ಜೊತೆಗೇ ಹೋದಂತೆ.

ಒಬ್ಬರು ಒಪ್ಪದೇ ಇದ್ದರೆ? ಉಳಿದವರ ಪಾಲಷ್ಟೇ ಕೊಂಡುಬಿಡೋಣ, ಕಡಿಮೆಗೆ ಸಿಗುತ್ತದೆ ಅನ್ನುವ ಆಸೆ ಬರುತ್ತದೆ. ಬೇಡ. ಮನೆತನದವರಲ್ಲದವರು ವಾಸದ ಮನೆಯಲ್ಲಿ ಒಂದು ಪಾಲು ಕೊಂಡರೆ ಅವರ ಜೊತೆ ಕೂಡಿ ಇರುವ ಹಕ್ಕು ಸಿಗುವುದಿಲ್ಲ. ವಾಟ್ನಿ ದಾವೆ ಹಾಕಿಕೊಂಡು ಕಾಯಬೇಕು. ಒಡಹುಟ್ಟಿದವರು ಆ ಪಾಲನ್ನು ಮೊದಲು ನಮಗೇ ಕೊಡಿ ಅಂತಲೂ ಕೇಳಬಹುದು.

ಹುಬ್ಬಳ್ಳಿ, ಧಾರವಾಡ ಎರಡೂ ಕೋರ್ಟುಗಳಲ್ಲಿ ಆ ಮನೆತನದವರ ಹೆಸರಿನ ಮೇಲೆ ದಾವೆ ಇದೆಯಾ ಅಂತ ಇ-ಕೋರ್ಟ್ಸ್ ಜಾಲತಾಣದಲ್ಲಿ ಹುಡುಕಬಹುದು. ದುಡ್ಡು ಬೇಕಾಗಿಲ್ಲ. ದಾವೆ ನಡೆದಿರುವಾಗ ಕೊಂಡರೆ ಅದರ ತೀರ್ಪಿಗೆ ನೀವೂ ಕಟ್ಟುಬಿದ್ದಂತೆ. ಊರಲ್ಲಿ ಓದುವ ಪತ್ರಿಕೆಯಲ್ಲಿ ಜಾಹೀರು ನೋಟೀಸು ಕೊಡಿಸಿ. ಮಗಳನ್ನು ಗದಗಕ್ಕೋ ಹಾವೇರಿಗೋ ಕೊಟ್ಟಿದ್ದರೆ ಅಲ್ಲಿಯ ಆವೃತ್ತಿಯಲ್ಲೂ ಕೊಡಿಸಿ. ಮೃತ್ಯುಪತ್ರ ನೋಂದಣಿ ಆಗಲೇಬೇಕು ಅಂತ ಕಾನೂನಿಲ್ಲ, ಯಾವುದೋ ಟ್ರಂಕಿನಿಂದ ಆಮೇಲೆ ಹೊರಗೆ ಬರಬಹುದು. ಅದಕ್ಕೇ "ನಮ್ಮ ತಂದೆ ಮೃತ್ಯುಪತ್ರ ಬರೆದಿಲ್ಲ, ನಮ್ಮನ್ನು ಬಿಟ್ಟು ಬೇರೆ ವಾರಸುದಾರರಿಲ್ಲ, ಬಂದರೆ ನಷ್ಟ ನಾವೇ ತುಂಬಿಕೊಡುತ್ತೇವೆ" ಅಂತ ಎಲ್ಲರಿಂದಲೂ ಖರೀದಿ ಪತ್ರದಲ್ಲೇ ಬರೆಸಿ.

ಹೋದ ವರ್ಷ ಧಾರವಾಡದಲ್ಲಿ ಇಂಥದೇ ಒಂದು ಮನೆಯ ನೋಂದಣಿಗೆ ನಾನು ಹೋಗಿದ್ದೆ. 9 ಜನ ಸಹಿ ಮಾಡುವವರಿದ್ದರು. ಎಲ್ಲರಿಗಿಂತ ಹಿರಿಯ ಮಗಳನ್ನು ಅಣ್ಣಿಗೇರಿಯಿಂದ ಮೊಮ್ಮಗ ಕರೆದುಕೊಂಡು ಬಂದಿದ್ದ. ತಮ್ಮಂದಿರ ಜೊತೆ ಮಾತು ಬಿಟ್ಟು ಬಹಳ ವರ್ಷವಾಗಿತ್ತಂತೆ. ಹೆಬ್ಬೆಟ್ಟು ಕೊಟ್ಟರು, ಫೋಟೋ ತೆಗೆಸಿಕೊಂಡರು. ಹೊರಗೆ ಬಂದ ಮೇಲೆ ಮನೆ ಕೊಂಡ ಹುಡುಗನ ಹತ್ತಿರ ಹೋಗಿ ಕೇಳಿದರು: "ಯಪ್ಪಾ, ಪಡಸಾಲಿ ತೊಲಿಗೆ ಪಂಚಮಿಗೆ ಜೋಕಾಲಿ ಕಟ್ಟತಿದ್ವಿ. ಒಮ್ಮಿ ಒಳಗ ಹೋಗಿ ನೋಡಿ ಬರ್ಲೇನು?" ಅವನು ಕೀಲಿಕೈ ತೆಗೆದು ಅವರ ಕೈಗೇ ಕೊಟ್ಟ. ದೊಡ್ಡ ತಮ್ಮ ರಿಕ್ಷಾ ಕರೆಯಲು ಹೋದ.

ನಮಸ್ಕಾರ.