ಗುತ್ತಿಗೆಯ ಎಂಜಿನಿಯರ್ ಒಪ್ಪಿಸಬೇಕಾದ ನಕ್ಷೆ

ಕೇಳುಗರಿಗೆ ನಮಸ್ಕಾರ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಸಿಂಧನೂರು, ಮಾನ್ವಿ ಸೀಮೆಯಲ್ಲಿ ಬೆಳೆಯುವ ಭತ್ತ ಗಿರಣಿಗೆ ಬಂದಾಗ ಅಕ್ಕಿಯೊಂದಿಗೆ ತೌಡೂ ಸಿಗುತ್ತದೆ. ತೌಡಿನಲ್ಲಿರುವ ಕಿಣ್ವ ಅದರ ಎಣ್ಣೆಯನ್ನು ಬೇಗ ಕೆಡಿಸುವುದರಿಂದ, ಎಣ್ಣೆ ತೆಗೆಯುವ ಘಟಕ ಸುಗ್ಗಿಯಲ್ಲಿ ಬಿಡುವಿಲ್ಲದೆ ನಡೆಯಬೇಕಾಗುತ್ತದೆ. ಇಂಥ ಘಟಕಗಳನ್ನು ಕಟ್ಟುವಾಗ, ವಿಸ್ತರಿಸುವಾಗ ಕೆಲವು ತಿಂಗಳ ಗುತ್ತಿಗೆಯ ಮೇಲೆ ಬರುವ ಪ್ರೊಸೆಸ್ ಎಂಜಿನಿಯರರ ಕೆಲಸವೇ ಇಂದಿನ ವಿಷಯ.

ಒಳಬರುವ ತೌಡೆಷ್ಟು, ಹೊರಡುವ ಎಣ್ಣೆಯೆಷ್ಟು, ಬೇಕಾಗುವ ಹಬೆಯೆಷ್ಟು ಎಂದು ಲೆಕ್ಕಹಾಕಿ ಪಂಪು, ಪೈಪು, ಆವಿಯನ್ನು ತಣಿಸಿ ದ್ರವವಾಗಿಸುವ ಕಂಡೆನ್ಸರು ಇವುಗಳ ಅಳತೆ ನಿರ್ಧರಿಸುವುದು ಅವರ ಹೊಣೆ. ಎಣ್ಣೆಯನ್ನು ಕರಗಿಸಿ ತೆಗೆಯುವ ಹೆಕ್ಸೇನ್ ಸುಮಾರು 69 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಆ ಆವಿಯನ್ನು ಮತ್ತೆ ದ್ರವವಾಗಿಸಲು ಕೂಲಿಂಗ್ ಟವರಿನ ನೀರು ಬೇಕು. 40 ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯನ್ನು ಮರೆತು ತಂಪು ಊರಿನ ಅಂಕಿಗಳಿಂದ ಲೆಕ್ಕ ಹಾಕಿದರೆ, ಕಂಡೆನ್ಸರಿನ ಶಕ್ತಿ ಸಾಲದೆ ಆವಿ ಹೊರಬೀಳುತ್ತದೆ. ಗಾಳಿಗಿಂತ ಭಾರವಾದ ಅದು ತಗ್ಗಿನಲ್ಲಿ, ಚರಂಡಿಯಲ್ಲಿ ತಂಗುತ್ತದೆ. ಗಾಳಿಯಲ್ಲಿ ಅದರ ಪಾಲು ನೂರಕ್ಕೆ ಒಂದನ್ನು ಸ್ವಲ್ಪ ಮೀರಿದರೂ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು.

ನನ್ನನ್ನು ಹೆಚ್ಚು ಕಾಡುವುದು ಗುತ್ತಿಗೆ ಮುಗಿದ ಮೇಲಿನ ಕಾಲ. ಕಟ್ಟುವಾಗ ಒಂದು ವಾಲ್ವಿನ ಜಾಗ ಬದಲಾಗುತ್ತದೆ, ಒಂದು ಪೈಪು ಬೇರೆ ದಾರಿ ಹಿಡಿಯುತ್ತದೆ, ನಕ್ಷೆ ಮಾತ್ರ ಹಳೆಯದಾಗಿಯೇ ಉಳಿಯುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಇದನ್ನು ನೋಡಿಕೊಳ್ಳಲು ವಿಭಾಗಗಳಿರುತ್ತವೆ. ಮಾಲೀಕರೇ ಎಲ್ಲವನ್ನೂ ನಿಭಾಯಿಸುವ ಸಣ್ಣ ಘಟಕದಲ್ಲಿ ಎಂಜಿನಿಯರ್ ಊರು ಬಿಟ್ಟರೆ ಬದಲಾವಣೆಯ ಕಾರಣ ಬಲ್ಲವರೇ ಇರುವುದಿಲ್ಲ. 1974ರ ಜೂನ್ 1ರಂದು ಇಂಗ್ಲೆಂಡಿನ ಫ್ಲಿಕ್ಸ್‌ಬರೋದ ರಾಸಾಯನಿಕ ಕಾರ್ಖಾನೆಯಲ್ಲಿ, ಹೆಕ್ಸೇನಿನಂತೆಯೇ ಬೇಗ ಹೊತ್ತಿಕೊಳ್ಳುವ ಸೈಕ್ಲೋಹೆಕ್ಸೇನ್ ಸಿಡಿದು 28 ಜನ ಸತ್ತರು. ಅಲ್ಲಿ ತಾತ್ಕಾಲಿಕವಾಗಿ ಜೋಡಿಸಿದ್ದ ಪೈಪಿಗೆ ಸರಿಯಾದ ವಿನ್ಯಾಸದ ಲೆಕ್ಕವಿರಲಿಲ್ಲ. ಅದರ ನಕ್ಷೆಯೆಂದು ಇದ್ದದ್ದು ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆಗಳು ಮಾತ್ರ.

ಆದ್ದರಿಂದ ಗಿರಣಿ ಮಾಲೀಕರಲ್ಲಿ ನನ್ನ ವಿನಂತಿ ಇಷ್ಟು: ಕಟ್ಟಿದ್ದು ಕಟ್ಟಿದಂತೆಯೇ ತೋರಿಸುವ ತಿದ್ದಿದ ನಕ್ಷೆ, ಪ್ರತಿ ಬದಲಾವಣೆಯ ಕಾರಣ, ಘಟಕವನ್ನು ಶುರುಮಾಡುವ ಮತ್ತು ನಿಲ್ಲಿಸುವ ಕ್ರಮ ಇವು ಕೈಸೇರಿದ ಮೇಲೆಯೇ ಕೊನೆಯ ಕಂತು ಕೊಡುವುದೆಂದು ಕರಾರಿನಲ್ಲಿ ಬರೆಸಿರಿ, ಆ ಬರವಣಿಗೆಗೆ ತಗಲುವ ದಿನಗಳ ಸಂಬಳವನ್ನೂ ಅದರಲ್ಲಿಯೇ ಸೇರಿಸಿರಿ. ನಿಲ್ಲಿಸುವ ಕ್ರಮವನ್ನಂತೂ ಕನ್ನಡದಲ್ಲಿ ಬರೆಸಿ, ರಾತ್ರಿ ಪಾಳಿಯವರ ಕಣ್ಣಿಗೆ ಬೀಳುವಂತೆ ಪ್ಯಾನೆಲ್ ಪಕ್ಕದಲ್ಲಿ ಹಾಕಿಸಿರಿ.